ಎಂಟನೇ ತರಗತಿ ಮತ್ತು ಆರಿದ್ರಾ ಮಳೆ: ನನ್ನ ಅನುಭವ

ಏಳನೇ ತರಗತಿಯವರೆಗೆ ಚುರುಕಾಗಿದ್ದ ಮಕ್ಕಳು ಹೈಸ್ಕೂಲಿಗೆ ಹೋದ ಕೂಡಲೇ ಹಿಂದೆ ಬಿದ್ದರೆ ನಮ್ಮ ಕಡೆಯವರು ಗಣಿತವನ್ನು ದೂರುತ್ತಾರೆ, ಇಂಗ್ಲಿಷನ್ನು ದೂರುತ್ತಾರೆ. ನಾನು ದೂರುವುದು ಜೂನ್ ತಿಂಗಳನ್ನು.

ನಮ್ಮದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕು, ನಗರ ಎಂಬ ಊರಿನ ಕಡೆ. ಹುಲಿಕಲ್, ಮಾಸ್ತಿಕಟ್ಟೆಯ ಮಳೆ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಹಿರಿಯ ಪ್ರಾಥಮಿಕ ಶಾಲೆ ಮನೆಯಿಂದ ಕೂಗಳತೆಯಲ್ಲಿತ್ತು. ಹೈಸ್ಕೂಲಿಗೆ ಎರಡು ಕಿಲೋಮೀಟರ್ ನಡೆದು, ಬಸ್ಸು ಹತ್ತಿ, ಮತ್ತೆ ಹತ್ತು ಹನ್ನೆರಡು ಕಿಲೋಮೀಟರ್ ಹೋಗಬೇಕು. ಹೊಸ ಶಾಲೆ ಶುರುವಾಗುವುದೂ ಮುಂಗಾರು ಹಿಡಿಯುವುದೂ ಒಂದೇ ಹೊತ್ತಿಗೆ. ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದ ದಿನಗಳಲ್ಲೇ ಮಗು ನೆನೆದು ಜ್ವರ ಬಂದು ಮಲಗುತ್ತದೆ, ಎದ್ದ ಮೇಲೆ ಬಸ್ಸು ತಪ್ಪುತ್ತದೆ. ಮೊದಲ ರೂಪಣಾತ್ಮಕ (ನಡುನಡುವೆ ಕೊಡುವ ಸಣ್ಣ) ಪರೀಕ್ಷೆಯ ಹೊತ್ತಿಗೆ ಪಾಠದ ಎಳೆ ಕೈತಪ್ಪಿರುತ್ತದೆ. ಆಮೇಲೆ ಎಲ್ಲರೂ ಸೇರಿ ಅದಕ್ಕೆ ತಲೆಗೆ ಹತ್ತುವುದಿಲ್ಲ ಎಂದು ತೀರ್ಮಾನಿಸುತ್ತಾರೆ.

ದೊಡ್ಡ ಮಗನ ವಿಷಯದಲ್ಲಿ ಇದನ್ನು ತಪ್ಪಿಸಲೆಂದೇ ಶಿವಮೊಗ್ಗದ ಒಂದು ಖಾಸಗಿ ಹಾಸ್ಟೆಲಿಗೆ ಸೇರಿಸಿದ್ದೆವು. ಶುಲ್ಕ, ಊಟ, ಹಾಸಿಗೆ, ಟ್ರಂಕು ಎಂದು ನಲವತ್ತೈದು ಸಾವಿರದಷ್ಟು ಹೋಯಿತು. ಆ ವರ್ಷ ಕೊಳೆರೋಗ ಬಂದು ತೋಟದ ಅಡಿಕೆಯಲ್ಲಿ ಕಾಲು ಭಾಗ ಉದುರಿತ್ತು, ಆದ್ದರಿಂದ ಆ ಮೊತ್ತ ಚೆನ್ನಾಗಿ ನೆನಪಿದೆ. ಹುಡುಗ ದಸರಾ ರಜೆಗೆ ಬಂದವನು ವಾಪಸು ಹೋಗಲೇ ಇಲ್ಲ. ಶುಲ್ಕವೂ ವಾಪಸು ಬರಲಿಲ್ಲ. ಮುಂದಿನ ವರ್ಷ ಮೊಬೈಲಿನಲ್ಲಿ ಪಾಠ ಹೇಳುವ ಆ್ಯಪ್ ಒಂದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಕಟ್ಟಿದೆವು. ನೆಟ್‌ವರ್ಕ್ ಸಿಗುವುದು ಮನೆ ಹಿಂದಿನ ದರೆಯ ಮೇಲೆ ಮಾತ್ರ. ಕೊಡೆ ಹಿಡಿದು ದರೆ ಹತ್ತಿ ಬೀಜಗಣಿತ ಕಲಿಯುವುದನ್ನು ಅವನು ಒಂದು ವಾರ ಮಾಡಿದ.

ಮಗಳ ಸರದಿ ಬಂದಾಗ ನಾನು ಹಟ ಹಿಡಿದೆ. ಹಾಸ್ಟೆಲ್ ಬೇಡ, ಟ್ಯೂಷನ್ ಬೇಡ. ಗಣಪತಿ ಹಬ್ಬದವರೆಗೆ ಹಾಜರಾತಿ ಒಂದನ್ನೇ ನೋಡಿಕೊಳ್ಳುತ್ತೇನೆ, ಅಂಕದ ಮಾತನ್ನು ಯಾರೂ ಎತ್ತಬಾರದು. ಶಿವಮೊಗ್ಗದಲ್ಲಿರುವ ಅಣ್ಣ, "ನಮ್ಮ ಮನೆಯಲ್ಲಿ ಬಿಡು, ಕೋಚಿಂಗ್‌ಗೆ ಹಾಕೋಣ" ಎಂದ. ಅತ್ತೆ, "ಬಟ್ಟೆ ಒಣಗಿಸಿದರೆ ವಿದ್ಯೆ ಬರುತ್ತದೇನೇ?" ಎಂದರು. ಬರುತ್ತದೆ.

ಒಣಗಿಸುವುದು ಸುಲಭದ ಕೆಲಸವಲ್ಲ. ಮೊದಲು ಒಂಬೈನೂರು ರೂಪಾಯಿಯ ರೇನ್‌ಕೋಟ್ ತಂದೆ. ಹೊರಗಿನ ನೀರು ಒಳಗೆ ಬರಲಿಲ್ಲ, ಆದರೆ ಏರು ಹತ್ತುವಾಗ ಒಳಗಿನ ಬೆವರಿನಲ್ಲೇ ಹುಡುಗಿ ತೊಯ್ದಳು. ಮೊಣಕಾಲಿನ ಕೆಳಗಂತೂ ಯಾವ ಕೋಟೂ ಕಾಯುವುದಿಲ್ಲ. ಕೊನೆಗೆ, ಒದ್ದೆಯಾಗಿಯೇ ಹೋಗಲಿ, ಅಲ್ಲಿ ಬಟ್ಟೆ ಬದಲಾಯಿಸಲಿ ಎಂದು ತೀರ್ಮಾನಿಸಿದೆ. ಹೈಸ್ಕೂಲಿನ ಹತ್ತಿರ ಬ್ಲೌಸ್ ಹೊಲಿಯುವ ಹೆಂಗಸೊಬ್ಬರ ಅಂಗಡಿಯಿದೆ. ಅವರಲ್ಲಿ ಒಂದು ಮೊಳೆ ಕೇಳಿದೆ. ಆ ಮೊಳೆಗೆ ಒಂದು ಚೀಲ, ಚೀಲದಲ್ಲಿ ಒಣ ಸಮವಸ್ತ್ರ, ಕಾಲುಚೀಲ, ಸಣ್ಣ ಟವೆಲ್, ಒಂದು ಪ್ಯಾಡ್ ಪ್ಯಾಕೆಟ್. ಶೂ ಅಲ್ಲೇ ಇರುತ್ತದೆ, ದಾರಿಗೆಲ್ಲ ಪ್ಲಾಸ್ಟಿಕ್ ಚಪ್ಪಲಿ. ಸಂಜೆ ಒದ್ದೆ ಬಟ್ಟೆ ಮನೆಗೆ ಬಂದು ಬಚ್ಚಲ ಒಲೆಯ ಮೇಲಿನ ಹಗ್ಗ ಸೇರುತ್ತದೆ. ಒಟ್ಟು ಮೂರು ಜೊತೆ ಬೇಕು, ಎರಡರಲ್ಲಿ ಆಗುವುದಿಲ್ಲ. ಹೊಲಿಗೆ ಸೇರಿ ಹೆಚ್ಚುವರಿ ಖರ್ಚು ಎರಡು ಸಾವಿರದ ಆಸುಪಾಸು. ಅಂಗಡಿಯವರು ದುಡ್ಡು ಬೇಡ ಎಂದರು. ಅವರನ್ನು ಹೇಗೆ ಒಪ್ಪಿಸಿದೆ ಎಂಬುದು ನನ್ನಲ್ಲೇ ಇರಲಿ.

ನೋಟ್‌ಬುಕ್ಕುಗಳ ಕಥೆ ಇನ್ನೊಂದು. ಜೆಲ್ ಪೆನ್ನಿನಲ್ಲಿ ಬರೆದ ಇಡೀ ಸಮಾಜ ವಿಜ್ಞಾನ ಒಂದೇ ಮಳೆಗೆ ನೀಲಿ ನೀರಾಯಿತು. ಆವತ್ತೇ ಮನೆಯಿಂದ ಜೆಲ್ ಪೆನ್ನನ್ನು ಗಡೀಪಾರು ಮಾಡಿದೆ. ಬ್ಯಾಗಿನ ಒಳಗೆ ರಸಗೊಬ್ಬರ ಚೀಲದ ಒಳಪದರವನ್ನು ತೊಳೆದು ಹಾಕಿದೆ. ಅಂಗಡಿಯ ರೇನ್ ಕವರಿಗಿಂತ ಅದೇ ವಾಸಿ.

ಬಸ್ಸಿನ ವಿಷಯ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ ಎನ್ನುವುದು ನಿಜ. ನಮ್ಮ ರಸ್ತೆಯಲ್ಲಿ ಶಾಲೆಯ ಹೊತ್ತಿಗೆ ಬರುವುದು ಖಾಸಗಿ ಬಸ್ಸು. ತಿಂಗಳಿಗೆ ಐದುನೂರರಿಂದ ಆರುನೂರು ರೂಪಾಯಿ ಅದಕ್ಕೇ ಹೋಗುತ್ತದೆ. ಮೇ ತಿಂಗಳಲ್ಲೇ ಹತ್ತನೇ ತರಗತಿಗೆ ಹೋಗಲಿದ್ದ ಪಕ್ಕದ ಕೇರಿಯ ಹುಡುಗಿಯ ಜೊತೆ ಇವಳನ್ನು ಕೆಲವು ಸಲ ಅದೇ ಬಸ್ಸಿನಲ್ಲಿ ಸುಮ್ಮನೆ ಕಳುಹಿಸಿದೆ. ಕಂಡಕ್ಟರಿಗೆ ಮುಖ ಪರಿಚಯವಾದರೆ ತಿರುವಿನಲ್ಲಿ ಓಡಿ ಬರುತ್ತಿರುವ ಮಗುವಿಗೆ ಬಸ್ಸು ಅರ್ಧ ನಿಮಿಷ ನಿಲ್ಲುತ್ತದೆ. ಅರ್ಧ ನಿಮಿಷವೆಂದರೆ ಒಂದು ದಿನದ ಹಾಜರಾತಿ.

ನನಗೂ ಹೊಳೆಯದೇ ಸಿಕ್ಕ ಲಾಭ ಒಂದಿದೆ. ಮಳೆ ರಜೆ ಕೊಟ್ಟ ದಿನಗಳ ಪಾಠವನ್ನು ಶನಿವಾರ ಮಧ್ಯಾಹ್ನ ತುಂಬಿಸುತ್ತಾರೆ. ಆಗ ಅರ್ಧಕ್ಕರ್ಧ ಬೆಂಚು ಖಾಲಿ. ಇವಳನ್ನು ತಪ್ಪದೆ ಕೂರಿಸಿದೆ. ಇದ್ದ ಹತ್ತು ಹದಿನೈದು ಮಕ್ಕಳಿಗೆ ಗಣಿತದ ಮೇಷ್ಟ್ರು ಪಕ್ಕದಲ್ಲೇ ಕುಳಿತು ಅಪವರ್ತನ ಹೇಳಿಕೊಟ್ಟರು. ಯಾವ ಟ್ಯೂಷನ್ನಿನಲ್ಲಿ ಅಷ್ಟು ಸಿಗುತ್ತದೆ?

ಮೇಷ್ಟ್ರುಗಳ ಸಂಖ್ಯೆಯೂ ಮಕ್ಕಳನ್ನು ಕಂಗೆಡಿಸುತ್ತದೆ. ಕೆಳಗಿನ ಶಾಲೆಯಲ್ಲಿ ಇಬ್ಬರು ಎಲ್ಲವನ್ನೂ ಕಲಿಸುತ್ತಿದ್ದರು, ಮನೆಯ ಸಂಗತಿಯೂ ಅವರಿಗೆ ಗೊತ್ತಿತ್ತು. ಇಲ್ಲಿ ಗಂಟೆ ಹೊಡೆದ ಹಾಗೆ ಮುಖ ಬದಲು. ಆದ್ದರಿಂದ ವಾರಕ್ಕೊಂದು ಪ್ರಶ್ನೆಯ ನಿಯಮ ಮಾಡಿದೆ: ಪ್ರತಿ ವಾರ ಒಬ್ಬ ಶಿಕ್ಷಕರ ಬಳಿ ಸ್ಟಾಫ್ ರೂಮಿಗೇ ಹೋಗಿ ಒಂದು ಪ್ರಶ್ನೆ ಕೇಳಬೇಕು. ಭಾನುವಾರ ರಾತ್ರಿ ಪ್ರಶ್ನೆಯನ್ನು ನನ್ನ ಮುಂದೆ ಹೇಳಿ ಅಭ್ಯಾಸ ಮಾಡುತ್ತಿದ್ದಳು. ಜುಲೈ ಮುಗಿಯುವುದರೊಳಗೆ ಎಲ್ಲರಿಗೂ ಅವಳ ಹೆಸರು ಗೊತ್ತಾಗಿತ್ತು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಇಂಗ್ಲಿಷ್ ತಪ್ಪುವುದಿಲ್ಲವಲ್ಲ ಎಂದು, ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಏಳನೇ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪುಸ್ತಕ ಇಳಿಸಿಕೊಂಡು, ಅವಳಿಗೆ ಗೊತ್ತಿರುವ ಪಾಠವನ್ನೇ ಓದಿಸಿದೆ. ಮೂರು ಪಾಠ ಆಯಿತು, ಗದ್ದೆ ನಾಟಿ ಬಂತು, ನಿಂತಿತು. ಮುಂದಿನ ಬೇಸಿಗೆಯಲ್ಲಿ ಮತ್ತೆ ಹಿಡಿಯುತ್ತೇನೆ. ದಾರಿಯಲ್ಲಿ ಉಂಬಳ (ಜಿಗಣೆ) ಹತ್ತದಂತೆ ಕಾಲಿಗೆ ಹಚ್ಚುವ ಎಣ್ಣೆಯಲ್ಲಿ ಹೆಚ್ಚು ಯಶಸ್ಸು ಸಿಕ್ಕಿತು. ಕೊಬ್ಬರಿ ಎಣ್ಣೆ, ಹೊಗೆಸೊಪ್ಪು, ಮತ್ತೊಂದು ವಸ್ತು. ಆ ಮತ್ತೊಂದನ್ನು ಮನೆಗೆ ಬಂದವರಿಗೆ ಹೇಳುತ್ತೇನೆ.

ಮಳೆಗಾಲ ಮುಗಿಯುವವರೆಗೆ ಅವಳು ತಪ್ಪಿಸಿದ್ದು ನಾಲ್ಕೈದು ದಿನ ಇರಬಹುದು, ಅದರಲ್ಲಿ ಎರಡು ದಿನ ಹಳ್ಳ ಉಕ್ಕಿ ದಾರಿಯೇ ಇರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಅಂಕ ಸಾಧಾರಣ, ಅಣ್ಣ ಫೋನಿನಲ್ಲಿ ನಕ್ಕ. ದಸರೆಗೆ ಮುಂಚಿನ ಸಂಕಲನಾತ್ಮಕ (ಅರ್ಧವಾರ್ಷಿಕ) ಪರೀಕ್ಷೆಯಲ್ಲಿ ಗಣಿತದಲ್ಲಿ ತರಗತಿಗೆ ಎರಡನೆಯವಳೋ ಮೂರನೆಯವಳೋ ಆದಳು. ಈಗ ಅಣ್ಣ ಫೋನು ಮಾಡಿದರೆ ಅಡಿಕೆ ಧಾರಣೆ ಮಾತ್ರ ಕೇಳುತ್ತಾನೆ.

ಒಟ್ಟು ಖರ್ಚು ಬಸ್ಸು ಸೇರಿ ವರ್ಷಕ್ಕೆ ಒಂಬತ್ತು ಸಾವಿರ ದಾಟಲಿಲ್ಲ. ಈ ವರ್ಷ ಮಕ್ಕಳನ್ನು ಕಳುಹಿಸುವವರು ಬಟ್ಟೆ ಹೊಲಿಯಲು ಏಪ್ರಿಲ್‌ನಲ್ಲೇ ಕೊಡಿ. ಜೂನ್ ಬಂದರೆ ಟೈಲರೂ ಸಿಗುವುದಿಲ್ಲ, ಒಣಗಿಸಲು ಬಿಸಿಲೂ ಇರುವುದಿಲ್ಲ. ವರ್ಗಾವಣೆ ಪತ್ರ, ಜಾತಿ ಆದಾಯ ಪ್ರಮಾಣ ಪತ್ರದ ಓಡಾಟವನ್ನೂ ಅಷ್ಟರಲ್ಲೇ ಮುಗಿಸಿಕೊಳ್ಳಿ.