ಬಂಗಲೆಯ ಹುಲ್ಲಿನ ಮೇಲೆ 1877ರ ಟೆನಿಸ್

ನಾನಿರುವುದು ಇಂಗ್ಲೆಂಡಿನ ಹಳ್ಳಿ ಕಡೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಲ್ಲಿನ ದೊಡ್ಡ ಬಂಗಲೆಗಳವರು ತಮ್ಮ ಹುಲ್ಲುಹಾಸಿನ ಮೇಲೆ ಟೆನಿಸ್ ಪಂದ್ಯಾವಳಿ ಇಡುತ್ತಿದ್ದರು. ಎಷ್ಟೋ ಪಂದ್ಯಾವಳಿಗಳು ಕೆಲವೇ ಬೇಸಿಗೆ ನಡೆದು ನಿಂತವು. ಅಂಥದ್ದೊಂದನ್ನು ಇಲ್ಲಿನ ಒಂದು ಬಂಗಲೆಯ ಹುಲ್ಲುಹಾಸಿನ ಮೇಲೆ ಒಂದು ದಿನದ ಮಟ್ಟಿಗೆ ಆಡೋಣ ಅಂತ ನಮ್ಮ ಕ್ಲಬ್ಬಿನವರು ಹೊರಟಾಗ, ಕೋರ್ಟ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಯಾವ ವರ್ಷದ ನಿಯಮ ಎಂಬುದೇ ಮೊದಲ ಚರ್ಚೆ. ಹುಲ್ಲಿನ ಟೆನಿಸಿಗೆ ರೂಪ ಕೊಟ್ಟವರಲ್ಲೊಬ್ಬರಾದ ಮೇಜರ್ ವಿಂಗ್‌ಫೀಲ್ಡ್ 1874ರಲ್ಲಿ ಪೇಟೆಂಟ್ ಪಡೆದ ಕೋರ್ಟ್ ಡಮರುವಿನ ಹಾಗೆ ನೆಟ್ಟಿನ ಹತ್ತಿರ ಕಿರಿದಾಗುತ್ತದೆ. ಫೋಟೋಗೆ ಚೆಂದ, ಆಡೋರಿಗೆ ಗೊಂದಲ. ನಾನು 1877ರ ಮೊದಲ ವಿಂಬಲ್ಡನ್ ನಿಯಮಕ್ಕೇ ಪಟ್ಟು ಹಿಡಿದೆ. ಉದ್ದ 78 ಅಡಿ, ಅಗಲ 27 ಅಡಿ. ಸಿಂಗಲ್ಸಿಗೆ ಈಗಲೂ ಅದೇ ಅಳತೆ.

ಗೂಟ ಹೊಡೆದು ದಾರ ಕಟ್ಟಿದ ಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಬೇಕು. ಎರಡೂ ಕಡೆ 82 ಅಡಿ ಆರೂವರೆ ಇಂಚು ಬಂದರೆ ಕೋರ್ಟ್ ಸೊಟ್ಟಗಿಲ್ಲ ಅಂತ ಅರ್ಥ. ಈ ಹುಲ್ಲುಹಾಸು ಕಣ್ಣಿಗೆ ಮಟ್ಟಸ, ಚೆಂಡು ಉರುಳಿಸಿದರೆ ಇಳಿಜಾರು. ಅದಕ್ಕೇ ಇಳಿಜಾರು ಅಗಲಕ್ಕೆ ಬರುವ ಹಾಗೆ ಕೋರ್ಟ್ ತಿರುಗಿಸಿದೆ. ತೊಂದರೆ ಇಬ್ಬರಿಗೂ ಸಮ ಆಗಬೇಕಲ್ವಾ? ಬೇಸ್‌ಲೈನಿನ, ಅಂದರೆ ಕೋರ್ಟಿನ ಕೊನೆಯ ಗೆರೆಯ, ಹಿಂದೆ ಓಡಲು ಜಾಗ ಬೇಕು. ಒಂದು ಕಡೆ ಗುಲಾಬಿ ಪಾತಿ ಅಡ್ಡ ಬಂತು. ಮನೆಯವರ ಮುಖ ನೋಡಿ ಆ ಮಾತು ಅಲ್ಲಿಗೇ ಬಿಟ್ಟೆ.

ನಿಜವಾದ ಮಜಾ ನೆಟ್ಟಿನಲ್ಲಿತ್ತು. ಆಗಿನ ನಿಯಮದಲ್ಲಿ ಕಂಬಗಳು ಕೋರ್ಟಿನಿಂದ 3 ಅಡಿ ಹೊರಗೆ. ಕಂಬದ ಹತ್ತಿರ ನೆಟ್ 5 ಅಡಿ ಎತ್ತರ, ನಡುವೆ 3 ಅಡಿ 3 ಇಂಚು. ಆಡಿ ನೋಡಿದ ಮೇಲೇ ಇದರ ಪರಿಣಾಮ ತಿಳಿಯೋದು. ಅಂಚಿನ ಗೆರೆಗುಂಟ ನೇರ ಹೊಡೆದರೆ ಚೆಂಡು ನೆಟ್ಟಿಗೆ ಬಡಿಯುತ್ತದೆ. ಹಾಗಾಗಿ ಎಲ್ಲರೂ ನಡುವಿನ ತಗ್ಗಿನ ಮೇಲೆಯೇ ಹೊಡೆಯುತ್ತಾರೆ. ಒಬ್ಬ ಹುಡುಗ ಅಲ್ಲೇ ಮುಂದೆ ನಿಂತು ಬಂದದ್ದನ್ನೆಲ್ಲ ವಾಲಿ ಮಾಡತೊಡಗಿದ, ಅಂದರೆ ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯತೊಡಗಿದ. 1877ರಲ್ಲಿ ಸ್ಪೆನ್ಸರ್ ಗೋರ್ ಮೊದಲ ವಿಂಬಲ್ಡನ್ ಗೆದ್ದದ್ದೂ ಹೀಗೆಯೇ. ಮರುವರ್ಷ ಸಿಲೋನಿನ ಕಾಫಿ ತೋಟದಿಂದ ರಜೆಗೆ ಬಂದಿದ್ದ ಫ್ರಾಂಕ್ ಹ್ಯಾಡೋ, ಗೋರ್ ತಲೆಯ ಮೇಲಿಂದ ಲಾಬ್, ಅಂದರೆ ಎತ್ತರದ ಹೊಡೆತ, ಎತ್ತಿ ಅವರನ್ನು ಸೋಲಿಸಿದರು. ನಮ್ಮಲ್ಲಿ ಆ ಮದ್ದು ಹುಡುಕಿದ್ದು ಅರವತ್ತು ದಾಟಿದ ಮಹಿಳೆ. ಹುಡುಗ ಹಿಂದಕ್ಕೆ ಓಡೀ ಓಡೀ ಸುಸ್ತಾದ.

ಬಂದವರು 11 ಜನ. ಮೊದಲ ವಿಂಬಲ್ಡನ್‌ನಲ್ಲಿ 22 ಜನರಿದ್ದು, ಕೊನೆಗೆ ಮೂವರು ಉಳಿದು, ವಿಲಿಯಂ ಮಾರ್ಷಲ್ ಆಡದೆಯೇ ಫೈನಲ್ ತಲುಪಿದ್ದರು. ಹಾಗಾಗಬಾರದು ಅಂತ ಮೊದಲ ಸುತ್ತಿನಲ್ಲೇ ಐವರಿಗೆ ಬೈ ಕೊಟ್ಟೆ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಕಳಿಸಿದೆ. ಆಮೇಲೆ 8, 4, 2 ಅಂತ ಸಲೀಸು. ಇರೋದು ಒಂದೇ ಕೋರ್ಟ್, ಪಂದ್ಯ 10. ಅದಕ್ಕೆ ಒಂದೇ ಸೆಟ್, 5-5 ಆದರೆ ಮುಂದಿನ ಗೇಮಿನಲ್ಲೇ ತೀರ್ಮಾನ.

ಸಂಜೆಗೆ ಬೇಸ್‌ಲೈನಿನ ಹುಲ್ಲು ಕಿತ್ತು ಮಣ್ಣು ಕಾಣುತ್ತಿತ್ತು. ಕ್ಲಬ್ಬಾದರೆ ಬೇರೆ ಕೋರ್ಟಿಗೆ ಹೋಗಬಹುದು, ಮನೆಯಂಗಳದಲ್ಲಿ ಎಲ್ಲಿಗೆ ಹೋಗೋದು? ಹಳೆಯ ಪಂದ್ಯಾವಳಿಗಳು ಯಾಕೆ ಬಾಳಲಿಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ ಇದ್ದೀತು ಅಂತ ನನಗನಿಸುತ್ತದೆ. ಮಣ್ಣನ್ನು ಫೋರ್ಕಿನಿಂದ ಚುಚ್ಚಿ ಸಡಿಲ ಮಾಡಿ, ರೈ ಹುಲ್ಲಿನ ಬೀಜ ಉದುರಿಸಿ, ಮೇಲೆ ಜರಡಿ ಹಿಡಿದ ಮಣ್ಣು ಹರಡಿ ಬಂದೆವು. ಮುಂದಿನ ವರ್ಷ ಬೇಕಾದರೆ ಮರದ ಸುತ್ತಿಗೆಯಿಂದ ಚೆಂಡು ಉರುಳಿಸುವ ಕ್ರೋಕೆ ಆಡಿ ಅಂದರು ಮನೆಯಾಕೆ.