ಮಾವನಿಗೆ ಹುಲಿ ತೋರಿಸಿದ ದಿನ

ನಮ್ಮ ಮಾವನಿಗೆ 74 ವರ್ಷ. ಸಾಗರದ ಕಡೆ ಹಳ್ಳಿಯವರು, ಅಡಿಕೆ ತೋಟದಲ್ಲೇ ಆಯುಷ್ಯ ಕಳೆದವರು. ಊರಿನ ಬೆಟ್ಟದ ಅಂಚಿನಲ್ಲಿ ಒಂದು ಹುಲಿಯಪ್ಪನ ಕಲ್ಲಿದೆ. ಕಲ್ಲಿನ ಮೇಲೆ ಪುಟ್ಟದಾಗಿ ಹುಲಿಯ ಆಕಾರ ಕೆತ್ತಿದ್ದಾರೆ. ಪ್ರತಿ ದೀಪಾವಳಿಗೆ ಮಾವ ಅಲ್ಲಿಗೆ ಹೋಗಿ ಕಾಯಿ ಒಡೆದು, "ದನಕರು ಕಾಯಪ್ಪಾ" ಎಂದು ಕೈ ಮುಗಿದು ಬರುತ್ತಾರೆ. ಇಷ್ಟು ವರ್ಷ ಪೂಜೆ ಮಾಡಿದವರು ಹುಲಿಯನ್ನು ಮಾತ್ರ ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. ಹುಡುಗನಾಗಿದ್ದಾಗ ಗದ್ದೆಯ ಕೆಸರಿನಲ್ಲಿ ಹೆಜ್ಜೆ ನೋಡಿದ್ದು, ಅಷ್ಟೇ.

ಇದು ನನಗೆ ಗೊತ್ತಾಗಿದ್ದು ಕಳೆದ ಮೇ ತಿಂಗಳಲ್ಲಿ, ಒಂದು ಕೆಟ್ಟ ಪ್ರವಾಸ ಮುಗಿಸಿ ವಾಪಸ್ ಬರುವಾಗ.

ಆಗ ಬೆಂಗಳೂರಿನಿಂದ ನಾದಿನಿ ಸಂಸಾರ ಬಂದಿತ್ತು. ಇರುವುದೇ ಎರಡು ದಿನ, ಎಲ್ಲ ನೋಡಿಬಿಡೋಣ ಎಂದು ಸಕ್ರೆಬೈಲು ಆನೆ ಬಿಡಾರ, ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮ, ಜೋಗ, ಮೂರನ್ನೂ ಒಂದೇ ದಿನಕ್ಕೆ ತುರುಕಿದೆವು. ಒಂಬತ್ತು ಜನ ಸ್ನಾನ, ತಿಂಡಿ ಮುಗಿಸಿ ಮನೆ ಬಿಡುವಾಗಲೇ ಹತ್ತೂವರೆ. ಸಕ್ರೆಬೈಲಿಗೆ ಹೋದರೆ ಆನೆಗಳ ಸ್ನಾನ ಮುಗಿದು ಹೋಗಿತ್ತು. ತ್ಯಾವರೆಕೊಪ್ಪ ತಲುಪುವಾಗ ನೆತ್ತಿ ಸುಡುವ ಬಿಸಿಲು. ಮಾವನಿಗೆ ಮಂಡಿ ನೋವು, ಕ್ಯೂ ಉದ್ದ. "ನೀವು ಹೋಗಿ ಬನ್ನಿ, ನಾನು ಇಲ್ಲೇ ನೆರಳಲ್ಲಿ ಕೂತಿರ್ತೇನೆ" ಎಂದರು. ಒಳಗೆ ಸಿಂಹಗಳು ಮರದ ಬುಡದಲ್ಲಿ ಭತ್ತದ ಮೂಟೆಯ ಹಾಗೆ ಬಿದ್ದುಕೊಂಡಿದ್ದವು. ಹುಲಿ ಕಾಣಲೇ ಇಲ್ಲ. ಆಮೇಲೆ ಜೋಗ. ಮೇ ತಿಂಗಳ ಜೋಗದಲ್ಲಿ ನೀರಿಗಿಂತ ಬಂಡೆಯೇ ಜಾಸ್ತಿ, ಅಲ್ವಾ? ವಾಪಸ್ ಬರುವಾಗ ಮಗ ಕಾರಿನಲ್ಲೇ ವಾಂತಿ ಮಾಡಿಕೊಂಡ.

ಕತ್ತಲಲ್ಲಿ ಮಾವ ನನ್ನ ಮಗಳನ್ನು ಕೇಳಿದರು, "ಹುಲಿ ಹೆಂಗಿತ್ತೇ ಕೂಸೇ?"

"ಕಾಣ್ಲೇ ಇಲ್ಲ ಅಜ್ಜ."

"ನಾನೂ ನೋಡಿಲ್ಲ ನೋಡು, ಈವರೆಗೆ."

ಅವರು ಸುಮ್ನೆ ಹೇಳಿದ ಮಾತು. ಆದರೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಶಿವಮೊಗ್ಗ ವಿನೋಬನಗರದ ನಮ್ಮ ಮನೆಯಿಂದ ಅರ್ಧ ಗಂಟೆಯೂ ಆಗದ ಜಾಗದಲ್ಲಿ ಹುಲಿ ಇದೆ. ಗೇಟಿನ ತನಕ ಕರೆದುಕೊಂಡು ಹೋಗಿ, ಅವರನ್ನು ಹೊರಗೆ ಕೂರಿಸಿ ಬಂದಿದ್ದೆವು.

ಮುಂದಿನ ಸಲ ಪ್ಲಾನ್ ನಾನೇ ಮಾಡುತ್ತೇನೆ ಎಂದು ನಮ್ಮವರಿಗೆ ಹೇಳಿದೆ. ದೀಪಾವಳಿಗೆ ಎಲ್ಲರೂ ಊರಿಗೆ ಸೇರುವವರಿದ್ದರು. ಹಬ್ಬ ಮುಗಿಸಿ ಶಿವಮೊಗ್ಗಕ್ಕೆ ಬಂದ ಮೇಲಿನ ಶನಿವಾರ ಎಂದು ಗೊತ್ತು ಮಾಡಿದೆ. ಭಾನುವಾರ ಜನಜಂಗುಳಿ, ಅದು ಬೇಡ. ತ್ಯಾವರೆಕೊಪ್ಪಕ್ಕೆ ಮಂಗಳವಾರ ರಜೆ, ಅದೂ ಬೇಡ. ದಸರಾ ಹೊತ್ತೂ ನನಗೆ ಸರಿ ಕಾಣಲಿಲ್ಲ. ಶಿವಮೊಗ್ಗ ದಸರೆಯ ಅಂಬಾರಿಗೆ ಸಕ್ರೆಬೈಲಿನ ಆನೆಗಳೇ ಬರುತ್ತವೆ, ಹಾಗಾಗಿ ಆಗ ಬಿಡಾರದಲ್ಲಿ ಒಂದೆರಡು ಆನೆ ಕಡಿಮೆ ಇರುತ್ತವೆ.

ಮೊದಲು ಮಾಡಿದ ಕೆಲಸ ಜೋಗವನ್ನು ತೆಗೆದಿದ್ದು. ನಾದಿನಿಯ ಗಂಡನಿಗೆ ಸ್ವಲ್ಪ ಬೇಜಾರಾಯಿತು. "ಹೇಗಿದ್ರೂ ಸಾಗರ ರಸ್ತೆಲೇ ಹೋಗ್ತೇವಲ್ಲ ಅತ್ತಿಗೆ" ಎಂದರು. ನಿಜ, ತ್ಯಾವರೆಕೊಪ್ಪ ಇರುವುದು ಸಾಗರ ರಸ್ತೆಯಲ್ಲೇ. ಆದರೆ ಅದು ಪೇಟೆಯಿಂದ ಹತ್ತು ಕಿಲೋಮೀಟರ್, ಜೋಗ ನೂರು. ದಾರಿ ಒಂದೇ ಎಂದು ದಿನವೂ ಒಂದೇ ಆಗುವುದಿಲ್ಲ. ಮಳೆಗಾಲ ಮುಗಿಯುವ ಮೊದಲೇ ಬನ್ನಿ, ಜೋಗಕ್ಕೇ ಒಂದು ದಿನ ಇಡೋಣ ಎಂದೆ.

ಉಳಿದಿದ್ದು ಎರಡು ಜಾಗ. ಒಂದು ತೀರ್ಥಹಳ್ಳಿ ರಸ್ತೆಯಲ್ಲಿ, ಇನ್ನೊಂದು ಸಾಗರ ರಸ್ತೆಯಲ್ಲಿ. ಸಕ್ರೆಬೈಲು ಪೇಟೆಯಿಂದ 14 ಕಿಲೋಮೀಟರ್, ಗಾಜನೂರು ಅಣೆಕಟ್ಟು ದಾಟಿದ ಮೇಲೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಶಿವಮೊಗ್ಗ ಹಾದೇ ಹೋಗಬೇಕು. ಮೇ ತಿಂಗಳಲ್ಲಿ ಇದನ್ನೇ ನಾವು ತೊಂದರೆ ಎಂದುಕೊಂಡಿದ್ದೆವು. ಕಾಗದದ ಮೇಲೆ ಬರೆದು ನೋಡುವಾಗ ಹೊಳೆಯಿತು, ನಡುವೆ ಇರುವುದು ನಮ್ಮ ಮನೆ! ಬೆಳಿಗ್ಗೆ ಆನೆ, ಮಧ್ಯಾಹ್ನ ಮನೆ ಊಟ, ಒಂದು ನಿದ್ದೆ, ಸಂಜೆ ಹುಲಿ. ಅತ್ತೆಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು. ಮಾವನಿಗೆ ಕಾಲು ಚಾಚಲು ಹಾಸಿಗೆ ಬೇಕು. ನಾದಿನಿಯ ಮಗುವಿಗೆ ಎರಡು ವರ್ಷ, ಅದು ಮಧ್ಯಾಹ್ನ ಮಲಗದಿದ್ದರೆ ಸಂಜೆ ಯಾರಿಗೂ ಸುಖ ಇಲ್ಲ. ಶೌಚಾಲಯದ ಚಿಂತೆಯೂ ಇಲ್ಲ. ಹೊರಗಿನಿಂದ ಬರುವವರು ಪೇಟೆಯಲ್ಲಿ ಒಂದು ರೂಮು ಹಿಡಿದು ಹೀಗೇ ಮಾಡಬಹುದು. ವಯಸ್ಸಾದವರು ಇದ್ದರೆ ಆ ಖರ್ಚು ದಂಡವಲ್ಲ.

ಪ್ರಾಣಿಗಳ ಲೆಕ್ಕಕ್ಕೂ ಇದೇ ಸರಿ. ಸಕ್ರೆಬೈಲಿನ ಆನೆಗಳನ್ನು ರಾತ್ರಿ ಕಾಡಿಗೆ ಮೇಯಲು ಬಿಡುತ್ತಾರೆ. ಕಾಲಿಗೆ ಕಟ್ಟಿದ ಉದ್ದದ ಸರಪಳಿ ಎಳೆದುಕೊಂಡೇ ಮೇಯುತ್ತವೆ. ಬೆಳಗಿನ ಜಾವ ಮಾವುತರು, ಕಾವಾಡಿಗಳು ಆ ಸರಪಳಿಯ ಗುರುತು ಹಿಡಿದು ಹುಡುಕಿ ಕರೆತರುತ್ತಾರೆ. ಸ್ನಾನ, ಆಹಾರ ಎಲ್ಲ ಬೆಳಿಗ್ಗೆಯೇ. ಜನರಿಗೆ ನೋಡಲು ಬಿಡುವುದು ಎಂಟೂವರೆಯಿಂದ ಹನ್ನೊಂದರವರೆಗೆ. ಹುಲಿ, ಸಿಂಹದ್ದು ಬೇರೆ ಲೆಕ್ಕ. ಸಿಂಹ ದಿನಕ್ಕೆ ಇಪ್ಪತ್ತು ಗಂಟೆ ಬೇಕಾದರೂ ಮಲಗಿ ಕಳೆಯುತ್ತದೆ. ಬಿಸಿಲು ಇಳಿದ ಮೇಲೆ ಅದಕ್ಕೆ ಮೈ ಹಗುರ. ಇಂಥ ಧಾಮಗಳಲ್ಲಿ ಸಾಮಾನ್ಯವಾಗಿ ಸಂಜೆ ಅವನ್ನು ರಾತ್ರಿ ಕಳೆಯುವ ಮನೆಯೊಳಗೆ ಕರೆದು ಮಾಂಸ ಹಾಕುತ್ತಾರೆ. ಆ ಹೊತ್ತು ಹತ್ತಿರ ಬರುತ್ತಿದ್ದ ಹಾಗೆ ಎದ್ದು ಓಡಾಡತೊಡಗುತ್ತವೆ. ನಮ್ಮ ಕೊಟ್ಟಿಗೆಯ ದನ ಹಿಂಡಿ ಬಕೆಟ್ಟಿನ ಸದ್ದಿಗೆ ಕಿವಿ ನಿಮಿರಿಸುತ್ತದಲ್ಲ, ಹಾಗೆ.

ಹಿಂದಿನ ರಾತ್ರಿಯೇ ಸಾರು, ಪಲ್ಯಕ್ಕೆ ಹೆಚ್ಚಿಟ್ಟೆ. ಕಾರಿಗೆ ಹಾಕಿದ್ದು ಕಡಿಮೆ ಸಾಮಾನು. ನೀರು, ಅತ್ತೆಗೆ ಬಿಸ್ಕತ್ತು, ಒಂದು ಪ್ಲಾಸ್ಟಿಕ್ ಸ್ಟೂಲು, ಎಲ್ಲರಿಗೂ ಟೋಪಿ. ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ ಎಂದು ಮಕ್ಕಳಿಗೆ ಮೊದಲೇ ಹೇಳಿದ್ದೆ. ನಾದಿನಿ ಚಾಪೆ, ಬುತ್ತಿ ತೆಗೆದುಕೊಂಡು ಹೋಗಿ ಹೊಳೆ ದಂಡೆಯ ಮರದ ಕೆಳಗೆ ಊಟ ಮಾಡೋಣ ಅಂದಳು. ನಾನು ಒಪ್ಪಲಿಲ್ಲ. ಮಂಗನ ಕಾಯಿಲೆಯ ಸೀಮೆ ಇದು. 1957ರಲ್ಲಿ ಅದು ಮೊದಲು ಪತ್ತೆಯಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಮಳೆ ಹೋಗಿ ಬಿಸಿಲು ಬಂದ ಮೇಲೆ ಬೇಸಿಗೆ ಮುಗಿಯುವವರೆಗೆ ಕಾಡಂಚಿನ ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಲು ನನಗೆ ಮನಸ್ಸಿಲ್ಲ. ಜನ ಓಡಾಡುವ ಜಾಗದಲ್ಲಿ ನಿಂತು ನೋಡಿ ಬರುವುದು ಬೇರೆ, ಕಾಡಂಚಿನಲ್ಲಿ ಚಾಪೆ ಹಾಸುವುದು ಬೇರೆ.

ಏಳೂಮುಕ್ಕಾಲಿಗೆ ಮನೆ ಬಿಟ್ಟೆವು. ಗಾಜನೂರಿನಲ್ಲಿ ತುಂಗೆಯ ಮೇಲೆ ಇನ್ನೂ ಮಂಜು.

ಬಿಡಾರದಲ್ಲಿ ಮೊದಲು ಕೇಳಿದ್ದು ಸರಪಳಿಯ ಸದ್ದು. ಆಮೇಲೆ ಕಾಡಿನ ಕಡೆಯಿಂದ ಒಂದೊಂದೇ ಆನೆ ಬಂದವು. ಮಾವನಿಗೆ ಸ್ಟೂಲು ಹಾಕಿ ನೀರಿಗೆ ಸ್ವಲ್ಪ ದೂರದಲ್ಲಿ ಕೂರಿಸಿದೆವು. ಒಂದು ಹೆಣ್ಣಾನೆ ನೀರಿಗಿಳಿದು, ಮಾವುತ ಏನೋ ಒಂದು ಮಾತು ಅಂದದ್ದೇ ತಡ, ನಿಧಾನಕ್ಕೆ ಒಂದು ಮಗ್ಗುಲಿಗೆ ಒರಗಿತು. ಮುಖ ಪೂರ್ತಿ ನೀರೊಳಗೆ, ಸೊಂಡಿಲಿನ ತುದಿ ಮಾತ್ರ ಮೇಲೆ. ಆ ತುದಿಯಿಂದ ಪುಸ್ ಎಂದು ಉಸಿರು. ಮಾವುತ ಬೆನ್ನು ಉಜ್ಜಿದ, ಆಮೇಲೆ ಕಿವಿ ಎತ್ತಿ ಅದರ ಹಿಂದೆ ಬೆರಳು ಹಾಕಿ ತೊಳೆದ. ಅಲ್ಲಿಯ ಚರ್ಮ ತೆಳ್ಳಗೆ, ನಸುಗೆಂಪು. ಸಣ್ಣ ಮಗುವಿಗೆ ಸ್ನಾನ ಮಾಡಿಸುವಾಗ ಕಿವಿಸಂದು ತೊಳೆಯುತ್ತೇವಲ್ಲ, ಅದೇ ಗಮನ, ಅದೇ ನಿಧಾನ. ನಾದಿನಿ ತನ್ನ ಮಗುವನ್ನು ನೋಡಿ ನಕ್ಕಳು.

ಸ್ನಾನ ಆದ ಮೇಲೆ ಆಹಾರ. ಒಣಹುಲ್ಲು ಮಡಚಿ ನಡುವೆ ಭತ್ತ, ಬೆಲ್ಲ ಇಟ್ಟು ಗಂಟು ಕಟ್ಟಿ ಬಾಯಿಗೇ ಕೊಡುತ್ತಾರೆ. ಇಲ್ಲಿರುವ ಆನೆಗಳಲ್ಲಿ ಕೆಲವು ಬೆಳೆಗೆ ನುಗ್ಗಿ, ಸೆರೆಸಿಕ್ಕಿ, ಕ್ರಾಲಿನಲ್ಲಿ, ಅಂದರೆ ದಪ್ಪ ಮರದ ದಿಮ್ಮಿಗಳ ದೊಡ್ಡಿಯಲ್ಲಿ, ಪಳಗಿದವು. ಮಾವ ಇದನ್ನು ಮಕ್ಕಳಿಗೆ ತಾವೇ ವಿವರಿಸಿದರು. ರಾತ್ರಿಯೆಲ್ಲ ಎದ್ದು ತೋಟ ಕಾಯುವ ರೈತನ ಕಷ್ಟ ಹೇಳಿದರು. ಆನೆಗೆ ನಡೆಯುವ ದಾರಿ ಕಡಿದು ಹೋದದ್ದನ್ನೂ ಹೇಳಿದರು. ಯಾವ ಬೋರ್ಡೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ. ಮಾವನನ್ನು ಹೊರಗೆ ಬಿಟ್ಟು ಹೋದರೆ ಮಕ್ಕಳಿಗೂ ನಷ್ಟ ಎಂದು ಆಗ ಅನ್ನಿಸಿತು.

ಹತ್ತೂವರೆಗೆ ಹೊರಟೆವು. ಇದೇ ದಾರಿಯಲ್ಲಿ ಇನ್ನಷ್ಟು ಮುಂದೆ, ಶಿವಮೊಗ್ಗದಿಂದ 30 ಕಿಲೋಮೀಟರಿಗೆ ಮಂಡಗದ್ದೆ ಪಕ್ಷಿಧಾಮ ಇದೆ. ಮಗಳು ಕೇಳಿದಳು. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ನದಿ ನಡುವಿನ ಮರಗಳಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿ. ಆಗಲೇ ಬರೋಣ ಎಂದೆ.

ಮನೆಗೆ ಬಂದು ಅನ್ನ, ಸಾರು, ಒಂದೆಲಗದ ತಂಬುಳಿ, ಹಪ್ಪಳ. ಎರಡೂವರೆ ತನಕ ಮನೆಯೆಲ್ಲ ಗೊರಕೆ.

ತ್ಯಾವರೆಕೊಪ್ಪದ ಧಾಮ ಶುರುವಾಗಿದ್ದು 1988ರಲ್ಲಿ. ಮೂರೂವರೆಯ ಹೊತ್ತಿಗೆ ನಾವು ಕೌಂಟರಿನ ಮುಂದೆ ಇದ್ದೆವು. ಕೊನೆಯ ಸಫಾರಿ ಬಸ್ಸಿಗೆ ನೂಕುನುಗ್ಗಲು ಇರುತ್ತದೆ, ಅದಕ್ಕಿಂತ ಮೊದಲಿನದು ಹಿಡಿಯಿರಿ. ನಮ್ಮವರು ಮೊದಲೇ ಹೋಗಿ ಕ್ಯೂನಲ್ಲಿ ನಿಂತರು, ಮಾವ ಸ್ಟೂಲಿನ ಮೇಲೆ ಕೂತರು. ಆ ಸ್ಟೂಲು ಇಡೀ ದಿನದ ಅತ್ಯಂತ ಉಪಯೋಗದ ಸಾಮಾನು. ಬಸ್ ಹತ್ತುವಾಗ ಡ್ರೈವರಿಗೆ ಹೇಳಿದೆ, "ಅಣ್ಣ, ನಮ್ಮ ಮಾವ ಹುಲಿ ನೋಡಿಲ್ಲ. ಕಂಡರೆ ಒಂಚೂರು ನಿಲ್ಲಿಸಿ." ಅವರು ಮಾವನನ್ನು ನೋಡಿ, ತಮ್ಮ ಹಿಂದಿನ ಕಿಟಕಿ ಸೀಟು ತೋರಿಸಿದರು. ಮಕ್ಕಳಿಗೆ ಮೊದಲೇ ಮಾತು ತೆಗೆದುಕೊಂಡಿದ್ದೆ: ಕೂಗುವುದಿಲ್ಲ, ಜಾಲರಿ ಬಡಿಯುವುದಿಲ್ಲ, ಅಜ್ಜ ನೋಡುವ ತನಕ ಮೊಬೈಲ್ ಹೊರಗೆ ತೆಗೆಯುವುದಿಲ್ಲ.

ಮೊದಲು ಜಿಂಕೆ, ಕಡವೆ. ಆಮೇಲೆ ಜೋಡಿ ಗೇಟು. ಬಸ್ ಒಳಗೆ ಹೋಗಿ ಹಿಂದಿನ ಗೇಟು ಮುಚ್ಚಿದ ಮೇಲೆಯೇ ಮುಂದಿನದು ತೆರೆಯುತ್ತದೆ.

ಬಿದಿರಿನ ಮೆಳೆಯ ಹತ್ತಿರ ಡ್ರೈವರ್ ಎಂಜಿನ್ ಆರಿಸಿದರು. ಏನೂ ಕಾಣಲಿಲ್ಲ. ಒಣಗಿದ ಬಿದಿರೆಲೆ, ಇಳಿಬಿಸಿಲಿನ ಪಟ್ಟೆ. ಆ ಪಟ್ಟೆಗಳಲ್ಲಿ ಒಂದು ಅಲ್ಲಾಡಿತು. ಬಾಲದ ತುದಿ. ಆಮೇಲೆ ಬೆನ್ನು, ಭುಜ, ಕೊನೆಗೆ ಮುಖ. ಎದ್ದು ಮೈ ಮುರಿದು, ಬಸ್ಸಿನ ಮುಂದೆಯೇ ರಸ್ತೆ ದಾಟಿತು. ನಡೆಯುವಾಗ ಪಾದದ ಸದ್ದಿಲ್ಲ, ಕೆಳಗಿದ್ದ ತರಗೆಲೆಯೂ ಸದ್ದು ಮಾಡಲಿಲ್ಲ. ನಡುವೆ ನಿಂತು ನಮ್ಮ ಕಡೆ ಒಮ್ಮೆ ನೋಡಿತು.

ಮಾವ ಟೋಪಿ ತೆಗೆದು ತೊಡೆಯ ಮೇಲಿಟ್ಟು ಕೈ ಮುಗಿದರು. ಅತ್ತೆಯೂ ಮುಗಿದರು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಆರು ವರ್ಷದ ಮಗ, ಒಂದು ಕ್ಷಣವೂ ಸುಮ್ಮನಿರದವನು, ಅಜ್ಜನ ತೋಳು ಹಿಡಿದುಕೊಂಡು ಉಸಿರು ಬಿಗಿಹಿಡಿದು ಕೂತಿದ್ದ.

ಸಿಂಹಗಳೂ ಎದ್ದಿದ್ದವು. ಒಂದು ಗಂಡು ನೆಲಕ್ಕೆ ಬಾಯಿ ಮಾಡಿ ಕೂಗಿದಾಗ ಬಸ್ಸಿನ ತಗಡು ಅದುರಿದ್ದು ನನ್ನ ಪಾದಕ್ಕೆ ಗೊತ್ತಾಯಿತು. ನಮ್ಮ ದೇಶದಲ್ಲಿ ಸಿಂಹ ಕಾಡಿನಲ್ಲಿ ಇರುವುದು ಗುಜರಾತಿನ ಗಿರ್ ಸೀಮೆಯಲ್ಲಿ ಮಾತ್ರ. ನಮ್ಮ ಮಲೆನಾಡಿನ ಕಾಡಿನದು ಹುಲಿ, ಚಿರತೆ. ಇದನ್ನು ಮಕ್ಕಳಿಗೆ ಹೇಳಬೇಕು. ಇಲ್ಲದಿದ್ದರೆ ಎರಡನ್ನೂ ಒಂದೇ ಕಡೆ ನೋಡಿ, ಎರಡೂ ಇದೇ ಕಾಡಿನವು ಅಂದುಕೊಳ್ಳುತ್ತಾರೆ.

ಆಮೇಲೆ ಬೋನುಗಳ ಕಡೆ ನಡೆಯುವಾಗ ಮಗಳು ಕೇಳಿದಳು, "ಈ ಚಿರತೆ ಏನು ತಪ್ಪು ಮಾಡಿದೆ ಅಮ್ಮಾ, ಒಳಗೆ ಹಾಕಿದಾರೆ?" ಅವಳಿಗೆ ಹನ್ನೆರಡು. ಸುಮ್ನೆ ಏನೋ ಹೇಳಿ ಸಾಗಹಾಕಲು ನನಗೆ ಇಷ್ಟವಿರಲಿಲ್ಲ. ತಪ್ಪು ಮಾಡಿದ್ದಕ್ಕಲ್ಲ, ಎಂದೆ. ಉರುಳಿಗೆ ಸಿಕ್ಕಿ ಗಾಯವಾದವು, ತಾಯಿ ಕಳೆದುಕೊಂಡ ಮರಿಗಳು, ಇಂಥವನ್ನು ಇಲ್ಲಿಗೆ ತರುತ್ತಾರೆ. ಬೇಟೆ ಕಲಿಯದ ಮರಿಯನ್ನು ದೊಡ್ಡದಾದ ಮೇಲೆ ಕಾಡಿಗೆ ಬಿಟ್ಟರೆ ಬದುಕುವುದು ಕಷ್ಟ. "ಹಾಗಾದ್ರೆ ಉರುಳು ಹಾಕೋದು ನಿಲ್ಲಿಸಬೇಕು ಅಲ್ವಾ?" ಎಂದಳು. ಹೌದು ಮಗಳೇ, ಅದೇ.

ಅಷ್ಟು ಹೊತ್ತಿಗೆ ಮಾವನ ಮಂಡಿ ಸೋತಿತ್ತು. ಇನ್ನೂ ನೋಡುವುದು ಉಳಿದಿತ್ತು, ಬಿಟ್ಟೆವು. ಆರೂವರೆಗೆ ಮನೆಯಲ್ಲಿ ಕಾಫಿ.

ಮಾರನೆಯ ಬೆಳಿಗ್ಗೆ ಮಾವ ಜಗಲಿಯಲ್ಲಿ ಕೂತು ಊರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದರು. ಅವರಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಮಾತು ಅಡುಗೆಮನೆಗೂ ಕೇಳುತ್ತಿತ್ತು.

"ನಮ್ಮ ಹುಲಿಯಪ್ಪನ ಕಲ್ಲಿನಲ್ಲಿ ಬಾಲ ಗಿಡ್ಡ ಕೆತ್ತಿಬಿಟ್ಟಿದಾರೆ ಮಾರಾಯಾ. ನಿಜದ ಬಾಲ ಬಹಳ ಉದ್ದ ಇದೆ. ನಾನು ನೋಡಿದೆ."