ಆಪರೇಷನ್ನಿಗೆ ಮುಂಚೆ ಮತ್ತಿನ ಡಾಕ್ಟ್ರ ಹತ್ರ ಏನೇನ್ ಕೇಳ್ಬೇಕು

ನಮ್ಮಮ್ಮನ ಮಂಡಿ ಆಪರೇಷನ್ನಿಗೆ ಬೆಂಗಳೂರೆಲ್ಲಾ ಸುತ್ತಿ ಸರ್ಜನ್ ಹುಡುಕಿದ್ವಿ, ಅನಸ್ತೇಶಿಯಾ ಕೊಡೋ ಮತ್ತಿನ ಡಾಕ್ಟ್ರ ಹತ್ರ ಮಾತ್ರ ಐದ್ ನಿಮಿಷ ಕೂತಿರ್ಲಿಲ್ಲ. ಆಮೇಲೆ ರಾತ್ರಿ ಪೂರ್ತಿ ಒದ್ದಾಡಿದ್ದು ಅದಕ್ಕೇ.

ಆಪರೇಷನ್ನಿಗೆ ಮುಂಚೆ ಪಿಎಸಿ ಅಂತ, ಅಂದ್ರೆ ಮತ್ತು ಕೊಡೋಕೆ ಮುಂಚೆ ಮಾಡೋ ಒಂದ್ ಚೆಕಪ್ ಇರುತ್ತೆ, ಅದನ್ನ ಬರೀ ಸಹಿ ಹಾಕೋ ಕೆಲ್ಸ ಅನ್ಕೋಬೇಡಿ. ಮನೇಲಿರೋ ಮಾತ್ರೆ, ಆಯುರ್ವೇದದ ಪುಡಿ, ಲೇಹ್ಯ ಎಲ್ಲಾ ಒಂದು ಕವರಲ್ಲಿ ತುಂಬ್ಕೊಂಡ್ ಹೋಗಿ. ಅಲ್ಲಾಡೋ ಹಲ್ಲು, ಜೋರು ಗೊರಕೆ ಇದ್ರೂ ಹೇಳಿ. ಈಗ ತೂಕ ಇಳಿಸಕ್ಕೆ, ಶುಗರಿಗೆ ಅಂತ ಓಜೆಂಪಿಕ್, ಮೌಂಜಾರೋ ಇಂಜೆಕ್ಷನ್ ತಗೊಳ್ಳೋರು ಜಾಸ್ತಿ ಆಗಿದಾರಲ್ಲ, ಅದು ಹೊಟ್ಟೆ ಖಾಲಿ ಆಗೋದನ್ನ ನಿಧಾನ ಮಾಡುತ್ತೆ, ಮತ್ತಲ್ಲಿದ್ದಾಗ ಹೊಟ್ಟೇಲಿರೋದು ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ, ಮುಚ್ಚಿಡ್ಲೇಬೇಡಿ. ನಿಲ್ಸೋದಾ ಮುಂದುವರ್ಸೋದಾ ಅನ್ನೋದು ಅವರಿಗೆ ಬಿಟ್ಟಿದ್ದು.

ಉಪವಾಸದ ವಿಷ್ಯ. ಹಿಂದಿನ ರಾತ್ರಿಯಿಂದ ಒಂದ್ ಹನಿ ನೀರೂ ಬೇಡ ಅನ್ನೋದು ಹಳೇ ಪದ್ಧತಿ. ಅಮೆರಿಕದ ಅನಸ್ತೇಶಿಯಾ ಡಾಕ್ಟರುಗಳ ಸಂಘದ ಗೈಡ್‌ಲೈನ್ ಪ್ರಕಾರ ಬೇರೆ ತೊಂದ್ರೆ ಇಲ್ದಿರೋರು 2 ಗಂಟೆ ಮುಂಚೆವರ್ಗೂ ನೀರು ಕುಡೀಬೋದು, ಹಗುರ ತಿಂಡಿಗೆ 6 ಗಂಟೆ, ಎಣ್ಣೇಲಿ ಕರಿದಿದ್ದಕ್ಕೆ 8 ಗಂಟೆನೋ ಜಾಸ್ತಿನೋ. ಫಿಲ್ಟರ್ ಕಾಫಿಗೆ ಹಾಲು ಹಾಕಿದ್ರೆ ಅದು ನೀರಿನ ಲೆಕ್ಕಕ್ಕೆ ಬರಲ್ಲ ಕಣ್ರೀ, 6 ಗಂಟೆ. ನಿಮ್ಗೆಷ್ಟು ಅಂತ ಕೇಳ್ಕೊಳ್ಳಿ.

ಈಗ ಮುಖ್ಯವಾದ್ದು. ಸ್ಕ್ಯಾನ್ ನೋಡ್ಕೊಂಡು ನರದ ಪಕ್ಕ ಜೋಮು ಹಿಡಿಸೋ ಔಷಧಿ ಬಿಡೋದಕ್ಕೆ ಬ್ಲಾಕ್ ಅಂತಾರೆ, ಅದಿದ್ರೆ ಮಾರ್ಫಿನ್ ಥರದ ಜೋರು ನೋವಿನ ಔಷಧಿ ಕಮ್ಮಿ ಸಾಕಾಗುತ್ತೆ, ವಾಂತಿ ಮಲಬದ್ಧತೆನೂ ಕಮ್ಮಿ. ಅಮ್ಮಂಗೂ ಕೊಟ್ಟಿದ್ರು. ಸಂಜೆವರ್ಗೂ ನಗ್ತಾ ಇದ್ರು, ನೋವೇ ಇಲ್ಲ ಅಂತ ಮಾತ್ರೆ ಬೇಡ ಅಂದ್ರು, ನಾವೂ ಸುಮ್ನಾದ್ವಿ. ನಡುರಾತ್ರಿ ಬ್ಲಾಕ್ ಇಳೀತು ನೋಡಿ, ನೋವು ಒಂದೇ ಸಲಕ್ಕೆ ಬಂತು. ರೀಬೌಂಡ್ ಪೇನ್ ಅಂತಾರಂತೆ. ಅದಕ್ಕೇ ಬ್ಲಾಕ್ ಎಷ್ಟ್ ಹೊತ್ತಿಗೆ ಇಳಿಯುತ್ತೆ, ಅದಕ್ಕೂ ಮುಂಚೆ ಯಾವ ಮಾತ್ರೆ ಕೊಡ್ಬೇಕು ಅಂತ ಬರೆಸ್ಕೊಂಡು ಅಲಾರಾಂ ಇಟ್ಬಿಡಿ. ಕಾಲು ಜೋಮು ಇರೋವರ್ಗೂ ಒಬ್ರನ್ನೇ ಬಾತ್‌ರೂಮಿಗೆ ಕಳಿಸ್ಬೇಡಿ, ಬೀಳ್ತಾರೆ.

ಮಾತ್ರೆ ಅಂದ್ರೆ ಒಂದೇ ಅಲ್ಲ, ಪ್ಯಾರಾಸಿಟಮಾಲ್ ಜೊತೆ ಊತ ಇಳಿಸೋದೂ ಸೇರ್ಸಿ ಕೊಡೋದು ಈಗಿನ ಕ್ರಮ. ಕಿಡ್ನಿ ತೊಂದ್ರೆ, ಅಲ್ಸರ್ ಇದ್ರೆ ಎರಡನೇದು ಆಗಲ್ಲ. ಆಸ್ಪತ್ರೆ ಚೀಟೀಲಿ ಪ್ಯಾರಾಸಿಟಮಾಲ್ ಬೇರೆ ಹೆಸ್ರಲ್ಲಿರುತ್ತೆ, ಮೇಲಿಂದ ನಾವು ಡೋಲೋ ನುಂಗಿಸ್ತೀವಿ, ಅದೂ ಪ್ಯಾರಾಸಿಟಮಾಲೇ, ದಿನಕ್ಕೆ 4 ಗ್ರಾಂ ದಾಟಿದ್ರೆ ಲಿವರಿಗೆ ಪೆಟ್ಟು, ವಯಸ್ಸಾದೋರಿಗೆ ಇನ್ನೂ ಕಮ್ಮಿನೇ ಹೇಳ್ತಾರೆ. 2025ರ ಜನವರೀಲಿ ಅಮೆರಿಕದಲ್ಲಿ ಔಷಧಿಗೆ ಒಪ್ಪಿಗೆ ಕೊಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಸುಜೆಟ್ರಿಜಿನ್ ಅನ್ನೋ ಹೊಸ ನೋವಿನ ಮಾತ್ರೆಗೆ ಒಪ್ಪಿಗೆ ಕೊಡ್ತು, ಮಾರ್ಫಿನ್ ಜಾತಿದಲ್ಲ, ನೋವಿನ ಸುದ್ದಿ ಮಿದುಳಿಗೆ ಹೋಗೋ ಮುಂಚೆ ನರದಲ್ಲೇ ತಡೆಯೋದು.

ಹತ್ತಕ್ಕೆಷ್ಟು ನೋವು ಅಂತ ನರ್ಸ್ ಕೇಳಿದ್ರೆ ನಮ್ಮ ಹಿರಿಯರು "ಪರ್ವಾಗಿಲ್ಲಮ್ಮ" ಅಂತಾರೆ. ಅಂಕಿ ಬಿಡಿ, ಕೆಮ್ಮಕ್ಕಾಗುತ್ತಾ, ಪಕ್ಕಕ್ಕೆ ಹೊರಳಕ್ಕಾಗುತ್ತಾ ಅಂತ ನೀವೇ ಕೇಳಿ. ಆಗಲ್ಲ ಅಂದ್ರೆ ಬೆಲ್ ಒತ್ತಿ.